ಲೋವೆಲ್ ಹೇಳಿದ ದಾರಿ

ಮಾರ್ಚ್ 11, ಮಂಗಳವಾರ

ಇವತ್ತಿನ ಟಪಾಲಿನಲ್ಲಿ ಒರೆಗಾನ್‌ನಿಂದ ಒಂದು ಕಾರ್ಡು ಬಂತು. ಒಂದು ಬದಿಗೆ ಕಡಲಸಿಂಹದ ಚಿತ್ರ, ಅದರ ಮುಖ ಥೇಟು ನಮ್ಮ ಹಳೆಯ ಪಾದ್ರಿಗಳದ್ದು. ಇನ್ನೊಂದು ಬದಿಗೆ ಅತ್ತಿಗೆ ಫರ್ನ್ ಕೈಬರಹ: "ಜೂನ್ 14, ಶನಿವಾರ, ಮಧ್ಯಾಹ್ನ ಎರಡು ಗಂಟೆ. ಲೋವೆಲ್‌ಗೆ ಎಪ್ಪತ್ತೈದು. ಊಟ ಇದೆ." ಬನ್ನಿ ಅಂತ ಇಲ್ಲ, ಬರಬೇಡಿ ಅಂತಲೂ ಇಲ್ಲ. ಕೆಳಗೆ ಮೂಲೆಯಲ್ಲಿ ಬೇರೆ ಪೆನ್ನಿನಲ್ಲಿ 'ಎಲ್' ಅನ್ನುವ ಒಂದೇ ಅಕ್ಷರ.

ಎಲ್ ಅಂದರೆ ಲೋವೆಲ್, ನನ್ನ ಅಣ್ಣ. ಒಂಬತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ.

"ಅವನೇ ಬರ್ದಿರೋದು. ಒಂಬತ್ತು ವರ್ಷಕ್ಕೆ ಒಂದಕ್ಷರ ಹೊರಡ್ತು. ಹೋಗೋಣ" ಅಂದಳು ನನ್ನ ಹೆಂಡತಿ ಅರ್ಲಿಸ್.

"ಪೆನ್ನು ಜಾರಿರಬಹುದು" ಅಂದೆ.

"ಪೆನ್ನು ಜಾರಿದ್ರೆ ಗೀಟು ಬೀಳುತ್ತೆ ಎಲ್ಡನ್, ಎಲ್ ಬೀಳಲ್ಲ."

ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವಳ ಹತ್ತಿರ ವಾದ ಮಾಡಬಾರದು. ಹೋಗುವುದೆಂದು ತೀರ್ಮಾನವಾಯಿತು. ಆದರೆ ಮಿನ್ನೆಸೋಟದ ನಮ್ಮೂರಿನಿಂದ ಅವನಿರುವ ಪೆಲ್ಟನ್ ಬೇ ಊರಿಗೆ ಸಾವಿರದೆಂಟುನೂರು ಮೈಲಿ. ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ನಾಲ್ಕನೇ ನಂಬರಿನ ರೂಟು, ಬೆಳಿಗ್ಗೆ ನಲವತ್ತೆರಡು ಮೈಲಿ, ಸಂಜೆ ನಲವತ್ತೆರಡು ಮೈಲಿ. ಒಟ್ಟು ಹಾಕಿದರೆ ಭೂಮಿಯನ್ನು ಹದಿನೆಂಟು ಸುತ್ತು ಸುತ್ತಿದ್ದೇನೆ, ತಾಲ್ಲೂಕಿನ ಗಡಿ ಮಾತ್ರ ದಾಟಿಲ್ಲ. ಹಾಗಾಗಿ ಸರಿಯಾದ ಮಾಹಿತಿ ಕೈಗೆ ಬರುವವರೆಗೆ ಗೇಟು ಬಿಟ್ಟು ಹೊರಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದೇನೆ. ಈ ನೋಟುಪುಸ್ತಕ ಅದಕ್ಕೇ ತಂದದ್ದು.

ಮಾರ್ಚ್ 20, ಗುರುವಾರ

ಮಾಹಿತಿ ಸಂಗ್ರಹ ಶುರು. ಪೆಟ್ರೋಲ್ ಬಂಕಿನ ಕಾಫಿ ಮೇಜಿಗೆ ಹೋದೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಮ್ಮ ವಾಲ್ನೆಸ್ ಊರಿನ ನಿವೃತ್ತರೆಲ್ಲ ಅಲ್ಲೇ ಕೂತಿರುತ್ತಾರೆ. ಇವರಲ್ಲಿ ಆರ್ಟ್ವಿನ್ ಮಾತ್ರ ಪಶ್ಚಿಮಕ್ಕೆ ನಿಜವಾಗಿ ಹೋಗಿ ಬಂದವನು, 1978ರಲ್ಲಿ.

"ಸುಲಭ ಮಾರಾಯ. ಸೀದಾ ಹೋಗು. ಹಾಲಿನ ಡೇರಿ ಇತ್ತಲ್ಲ, ಅದು ಸುಟ್ಟುಹೋದ ಜಾಗದಲ್ಲಿ ಎಡಕ್ಕೆ ತಿರುಗು."

"ಯಾವ ಊರಿನ ಡೇರಿ?"

"ಅದು ಸುಟ್ಟುಹೋಯ್ತು ಅಂದ್ನಲ್ಲ. ಆಮೇಲೆ ಒಂದು ದೊಡ್ಡ ಮರ ಸಿಗುತ್ತೆ. ಸಿಗ್ತಿತ್ತು. ಅದನ್ನ ಕಡಿದುಬಿಟ್ರು. ಅಲ್ಲಿ ಬಲಕ್ಕೆ."

ನಮ್ಮ ಊರಿನವರಿಗೆ ದಾರಿ ಹೇಳಲು ಬರುವುದೇ ಹೀಗೆ. ಈಗ ಇರುವುದು ಯಾವುದೂ ಇವರ ಕಣ್ಣಿಗೆ ಬೀಳುವುದಿಲ್ಲ. ಎರಡು ಪುಟ ಬರೆದುಕೊಂಡೆ. ಹದಿಮೂರು ಗುರುತು ಹೇಳಿದ, ಅದರಲ್ಲಿ ಹನ್ನೊಂದು ಈಗ ಇಲ್ಲ. ಹನ್ನೆರಡನೆಯದು ಒಂದು ಎತ್ತು. ಹದಿಮೂರನೆಯದು ಬೆಟ್ಟ, ಅದು ಇರಬಹುದು.

ಏಪ್ರಿಲ್ 3, ಗುರುವಾರ

ಲೈಬ್ರರಿಯ ಕಂಪ್ಯೂಟರಿನಲ್ಲಿ ಪ್ರಯಾಣಿಕರ ಚರ್ಚಾಕಟ್ಟೆಯೊಂದಕ್ಕೆ ಸೇರಿದೆ. ಒಂದೇ ಪ್ರಶ್ನೆ ಹಾಕಿದೆ: ಮಿನ್ನೆಸೋಟದಿಂದ ಒರೆಗಾನ್ ಕರಾವಳಿಗೆ ಕಾರಿನಲ್ಲಿ ಎಷ್ಟು ದಿನ?

ಅರವತ್ತೊಂದು ಉತ್ತರ ಬಂದವು. ಹತ್ತೊಂಬತ್ತು ಜನ ಎರಡು ದಿನ ಸಾಕು ಅಂದರು, ಹದಿನಾಲ್ಕು ಜನ ಎರಡು ವಾರವಾದರೂ ಬೇಕು ಅಂದರು. ಒಬ್ಬ ಕೆನಡಾ ಮೇಲೆ ಹೋಗು, ಅಲ್ಲಿನ ರಸ್ತೆಗುಂಡಿಗಳೂ ಸಭ್ಯವಾಗಿವೆ ಅಂದ. 'ಒಂಟಿ ತೋಳ' ಅನ್ನುವವನು ಒರೆಗಾನ್‌ಗೆ ಹೋಗಲೇಬೇಡ, ಅರಿಜೋನಕ್ಕೆ ಹೋಗು ಅಂದ. ಅಣ್ಣ ಇರುವುದು ಒರೆಗಾನ್‌ನಲ್ಲಿ ಅಂದೆ. ಅವನನ್ನೂ ಅರಿಜೋನಕ್ಕೆ ಕರೆಸು ಅಂದ. ನನ್ನ ಕಾರು ಯಾವುದೆಂದು ಯಾರೋ ಕೇಳಿದರು, ಹೇಳಿದ್ದೇ ತಪ್ಪಾಯಿತು. ಉಳಿದವರೆಲ್ಲ ಟಯರಿಗೆ ಗಾಳಿ ಎಷ್ಟಿರಬೇಕೆಂದು ಕಚ್ಚಾಡಿದರು. ಕೊನೆಗೆ ಚರ್ಚೆ ವಿಷಯ ಬಿಟ್ಟು ಹೋಗಿದೆ ಎಂದು ಕಟ್ಟೆಯ ಯಜಮಾನರು ಬೀಗ ಜಡಿದು, ನನಗೇ ಎಚ್ಚರಿಕೆ ಕೊಟ್ಟರು.

ಎಲ್ಲವನ್ನೂ ಮುದ್ರಿಸಿ ಮೊದಲನೇ ಫೈಲಿಗೆ ಹಾಕಿದ್ದೇನೆ.

ಏಪ್ರಿಲ್ 13, ಭಾನುವಾರ

ಚರ್ಚಿನ ನೆಲಮಾಳಿಗೆಯಲ್ಲಿ ಪ್ರಾರ್ಥನೆಯ ನಂತರದ ಕಾಫಿ ಹೊತ್ತಿಗೆ ಮಾಹಿತಿ ಕೇಳಿದೆ. ಕೇಳಬಾರದಿತ್ತು. ನಮ್ಮಲ್ಲಿ ಸಲಹೆ ಕೇಳಿದ ಮೇಲೆ ಅದನ್ನು ಪಾಲಿಸದಿದ್ದರೆ ಕೊಟ್ಟವರು ಬೇಜಾರು ಮಾಡಿಕೊಳ್ಳುತ್ತಾರೆ. ಬೇಜಾರಾಯಿತೆಂದು ಬಾಯಿಬಿಟ್ಟು ಹೇಳುವುದಿಲ್ಲ, ಹತ್ತು ವರ್ಷ ಕಳೆದ ಮೇಲೆ ನಮ್ಮ ತಿಥಿಯೂಟಕ್ಕೆ ಸಕ್ಕರೆ ಕಡಿಮೆ ಹಾಕಿದ ಕೇಕು ತರುತ್ತಾರೆ.

ಹಾಗಾಗಿ ಈಗ ನಾವು ದಕ್ಷಿಣ ಡಕೋಟದಲ್ಲಿ ಒಬ್ಬರ ನಾದಿನಿಯನ್ನು, ವಯೋಮಿಂಗ್‌ನಲ್ಲಿ ಒಬ್ಬರ ಹಳೆಯ ಬಾಡಿಗೆದಾರನನ್ನು ನೋಡಬೇಕು. ಮೊಂಟಾನದಲ್ಲಿರುವ ಆರ್ಟ್ವಿನ್‌ನ ಸೋದರ ಸೊಸೆಗೆ ಒಂದು ಬಾಟಲಿ ಹೆರಿಂಗ್ ಮೀನಿನ ಉಪ್ಪಿನಕಾಯಿ ತಲುಪಿಸಬೇಕು. ನಕ್ಷೆಯ ಮೇಲೆ ಗೀಟು ಎಳೆದೆ. ನೊಣ ಮಸಿಯಲ್ಲಿ ಬಿದ್ದು ಎದ್ದು ನಡೆದ ಹಾಗಾಯಿತು.

"ಬೇಡ ಅನ್ನೋಕೆ ನಿಂಗೆ ಬಾಯಿಲ್ವಾ?" ಅಂದಳು ಅರ್ಲಿಸ್.

"ಎರಡು ಸಲ ಬೇಡ ಅಂದೆ. ಅವರು ಮೂರನೇ ಸಲ ಕೊಟ್ರು."

ಮೂರನೇ ಸಲ ಕೊಟ್ಟದ್ದನ್ನು ತೆಗೆದುಕೊಳ್ಳದಿರಲು ಆಗುವುದಿಲ್ಲವೆಂದು ಅವಳಿಗೂ ಗೊತ್ತು. ಅವಳ ಕೈಯಲ್ಲೂ ಯಾರದೋ ಬಾಣಲೆ ಇತ್ತು, ಐಡಹೋಗೆ ತಲುಪಿಸಲು.

ಏಪ್ರಿಲ್ 29, ಮಂಗಳವಾರ

ಕರಡಿ. ಇದರ ಬಗ್ಗೆ ಯಾರೂ ಹೇಳಿರಲಿಲ್ಲ. ಲೈಬ್ರರಿಯಲ್ಲಿ ಸಿಕ್ಕಿದ ಕರಪತ್ರದ ಪ್ರಕಾರ ಕಂದು ಕರಡಿ ಮೈಮೇಲೆ ಬಿದ್ದರೆ ಸತ್ತವರ ಹಾಗೆ ಮಲಗಬೇಕು, ಕಪ್ಪು ಕರಡಿ ಬಿದ್ದರೆ ಹೊಡೆದಾಡಬೇಕು. ಕೆಳಗೆ ಸಣ್ಣ ಅಕ್ಷರದಲ್ಲಿ, ಕಪ್ಪು ಕರಡಿಗಳು ಕೆಲವೊಮ್ಮೆ ಕಂದು ಬಣ್ಣದಲ್ಲಿಯೂ ಇರುತ್ತವೆ ಎಂದಿದೆ. ಈ ಮಾಹಿತಿ ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು.

ಶೌಚಾಲಯಗಳ ಪಟ್ಟಿ ಮುಗಿಯಿತು. ಮೂವತ್ತೇಳು, ಸರಾಸರಿ ಐವತ್ತು ಮೈಲಿಗೊಂದು. ಎರಡನೇ ಫೈಲು ತುಂಬಿತು.

ಮೇ 9, ಶುಕ್ರವಾರ

ಇವತ್ತು ಪೂರ್ವಾಭ್ಯಾಸ. ಸಾಮಾನೆಲ್ಲ ಕಾರಿಗೆ ತುಂಬಿ ಹದಿನಾಲ್ಕು ಮೈಲಿ ದೂರದ ಗ್ರೇಂಜರ್‌ವರೆಗೆ ಹೋಗಿ ಬರುವುದೆಂದು ತೀರ್ಮಾನ. ಹೊರಡುವ ಮುಂಚೆ ತಲೆ ಎಣಿಸಿದೆ. ಇಬ್ಬರು.

"ಎಲ್ಲರೂ ಬಂದ್ರಾ?" ಅಂದಳು ಅರ್ಲಿಸ್.

ಬಸ್ಸಿನ ಅಭ್ಯಾಸ, ಹೋಗುವುದಿಲ್ಲ. ರೈಲ್ವೆ ಗೇಟು ಬಂದಾಗ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕಡೆ ಕಿವಿಗೊಟ್ಟು ಕೇಳಿದೆ. ಹಿಂದಿನ ಲಾರಿಯವನು ಹಾರನ್ ಒತ್ತಿದ. ಆ ಹಳಿಯನ್ನು 1986ರಲ್ಲಿ ಕಿತ್ತುಹಾಕಿದ್ದಾರೆ ಅಂತ ಕೂಗಿದ. ಅದು ನನಗೂ ಗೊತ್ತು.

ಗ್ರೇಂಜರ್‌ನಲ್ಲಿ ಕಾಫಿ ಕುಡಿಯುವಾಗ, ಮುಂದಿನ ವಾರ ಮೂವತ್ತು ಮೈಲಿಯ ಪೂರ್ವಾಭ್ಯಾಸ ಮಾಡೋಣ ಅಂದೆ. ಅರ್ಲಿಸ್ ಕಪ್ಪು ಕೆಳಗಿಟ್ಟಳು.

"ನೀನು ಹೋಗೋದಕ್ಕೆ ತಯಾರಿ ಮಾಡ್ತಿಲ್ಲ. ಹೋಗದೇ ಇರೋದಕ್ಕೆ ಮಾಡ್ತಿದ್ದೀಯ. ಸುಟ್ಟ ಡೇರಿ ಕೇಳ್ದೆ, ಒಂಟಿ ತೋಳವನ್ನ ಕೇಳ್ದೆ, ಕರಡಿ ಬಣ್ಣ ಕೇಳ್ದೆ. ಆ ದಾರೀಲಿ ದಿನಾ ಓಡಾಡೋನು ಒಬ್ಬನಿದ್ದಾನೆ. ಅವನನ್ನ ಕೇಳಿದ್ಯಾ?"

"ಅವನಿಗೆ ದಾರಿ ಗೊತ್ತಾಗಲ್ಲ" ಅಂದೆ.

ವಾಪಸು ಬರುವಾಗ ಹದಿನಾಲ್ಕು ಮೈಲಿಯೂ ಅವಳು ಹೆಣಿಗೆ ಹಾಕಿದಳು.

ಮೇ 10, ಶನಿವಾರ

ಒಂಬತ್ತು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಅಮ್ಮ ತೀರಿಕೊಂಡಳು. ಲೋವೆಲ್ ವಿಮಾನ ಹತ್ತುವವನಲ್ಲ. ಕಾರಿನಲ್ಲಿ ಹೊರಟ, ದಾರಿಯಿಂದ ಫೋನ್ ಮಾಡಿದ. ದೊಡ್ಡ ರಸ್ತೆ ಬೇಡ, ಗ್ರೇಂಜರ್‌ನಿಂದ ಒಳರಸ್ತೆ ಹಿಡಿ, ಇಪ್ಪತ್ತು ನಿಮಿಷ ಉಳಿಯುತ್ತೆ ಅಂತ ನಾನೇ ಹೇಳಿದೆ. ಆ ರಸ್ತೆಯ ಸೇತುವೆ ರಿಪೇರಿಯಲ್ಲಿತ್ತು. ಬಸ್ ಗ್ಯಾರೇಜಿನ ಫಲಕದಲ್ಲಿ ನೋಟಿಸು ಹಾಕಿದ್ದರಂತೆ, ನಾನು ಆ ವಾರ ರಜೆಯಲ್ಲಿದ್ದೆ. ಅವನು ಮಣ್ಣಿನ ರಸ್ತೆಗಳಲ್ಲಿ ಸುತ್ತಿ ಸುತ್ತಿ ಬಂದು ತಲುಪುವಾಗ ಅಮ್ಮನನ್ನು ಮಣ್ಣು ಮಾಡಿ ಆಗಿತ್ತು.

ನಾನು ಕ್ಷಮಿಸು ಅನ್ನಬೇಕಿತ್ತು. ಅಷ್ಟು ಜನರ ಎದುರು ನನ್ನ ಬಾಯಿಂದ ಬಂದದ್ದು, "ಬೋರ್ಡು ಹಾಕಿದ್ರಲ್ಲ, ನೋಡಬೇಕಿತ್ತು ನೀನು."

ಇದನ್ನು ಎಲ್ಲೂ ಬರೆದಿರಲಿಲ್ಲ. ಪ್ರವಾಸದ ಮಾಹಿತಿಗೂ ಇದಕ್ಕೂ ಸಂಬಂಧವಿಲ್ಲ. ಪುಸ್ತಕದಲ್ಲಿ ಜಾಗ ಇತ್ತು, ಬರೆದೆ.

ಮೇ 21, ಬುಧವಾರ

ಬಹಳ ಮುಖ್ಯವಾದ ಮಾಹಿತಿ. ಪೆಲ್ಟನ್ ಬೇಗೆ ಕೊನೆಯಲ್ಲಿ ಎರಡು ದಾರಿ. ದೊಡ್ಡ ರಸ್ತೆ ಒಂದು, ಸ್ಕಿನ್ನರ್ ಘಾಟಿ ಮೇಲಿನ ಹಳೆಯ ರಸ್ತೆ ಇನ್ನೊಂದು. ನಕ್ಷೆಯಲ್ಲಿ ಘಾಟಿಯೇ ಹತ್ತಿರ. ನನಗೆ ಅನುಮಾನ ಬಂತು, ಅಲ್ಲಿನ ಅರಣ್ಯ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ಹೆಂಗಸು ಬಹಳ ತಾಳ್ಮೆಯವಳು. ಈ ವರ್ಷ ಹಿಮ ಜಾಸ್ತಿ, ಜೂನ್ ಕೊನೆಯವರೆಗೆ ಘಾಟಿಯ ಗೇಟು ತೆಗೆಯುವುದಿಲ್ಲ ಅಂದಳು. ಖಚಿತವೇ ಅಂದೆ. ಖಚಿತ ಅಂದಳು. ನಾಳೆಯೂ ಖಚಿತವಾಗಿರುತ್ತದೆಯೇ ಅಂದೆ. ಅದಕ್ಕೂ ಹೌದು ಸಾರ್ ಅಂದಳು.

ಮೂರನೇ ಫೈಲು, ಹನ್ನೆರಡನೇ ಪುಟ. ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಹಾಕಿದ್ದೇನೆ. ಅರ್ಲಿಸ್‌ಗೂ ಓದಿ ಹೇಳಿದೆ. ಇಷ್ಟು ತಿಂಗಳಲ್ಲಿ ಸಿಕ್ಕಿದ ಒಂದೇ ಒಂದು ಗಟ್ಟಿ ಮಾಹಿತಿ ಇದು.

ಜೂನ್ 2, ಸೋಮವಾರ

ಫೋನ್ ಮಾಡಿದೆ. ಕೇಳಬೇಕಾದ ಹದಿನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಫರ್ನ್ ಎತ್ತಿದಳು. ನನ್ನ ದನಿ ಕೇಳಿದ್ದೇ ಅವಳು ಫೋನನ್ನು ಯಾರ ಕೈಗೋ ಕೊಟ್ಟಳು.

"ಹಾಂ" ಅಂದ ಲೋವೆಲ್.

"ನಾನು, ಎಲ್ಡನ್."

"ಗೊತ್ತಾಯ್ತು."

"ಅಲ್ಲಿ ಮಳೆಯಾ?"

"ಸ್ವಲ್ಪ. ಅಲ್ಲಿ?"

"ಇಲ್ಲ. ಗಾಳಿ."

"ಇಲ್ಲೂ ಗಾಳಿ."

ಗಾಳಿಯ ಬಗ್ಗೆ ನಾಲ್ಕು ನಿಮಿಷ ಮಾತಾಡಿದೆವು. ಚೆನ್ನಾಗಿಯೇ ಹೋಯಿತು. ಆಮೇಲೆ ನಾವು ಹದಿನಾಲ್ಕಕ್ಕೆ ಬರುತ್ತಿದ್ದೇವೆ, ಕೊನೆಗೆ ಯಾವ ದಾರಿ ಒಳ್ಳೆಯದು ಅಂತ ಕೇಳಿದೆ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಸ್ಕಿನ್ನರ್ ಘಾಟಿ ಮೇಲೆ ಬಾ" ಅಂದ. "ದೊಡ್ಡ ರಸ್ತೆ ಬೇಡ. ಇಪ್ಪತ್ತು ನಿಮಿಷ ಉಳಿಯುತ್ತೆ."

ಮೂರನೇ ಫೈಲು ಮೊಣಕಾಲ ಮೇಲೇ ಇತ್ತು, ಹನ್ನೆರಡನೇ ಪುಟ ತೆರೆದೇ ಇತ್ತು.

"ಹೌದಾ. ಒಳ್ಳೇದಾಯ್ತು ಹೇಳಿದ್ದು. ನಂಗೆ ಗೊತ್ತಾಗ್ತಿರ್ಲಿಲ್ಲ" ಅಂದೆ.

ಯಾಕೆ ಹಾಗಂದೆನೋ. ಉಳಿದ ಹದಿಮೂರು ಪ್ರಶ್ನೆ ಮರೆತೇ ಹೋಯಿತು. ಗೇಟಿನ ವಿಷಯ ಹೇಳಲು ಮತ್ತೆ ಫೋನ್ ಮಾಡಬೇಕು. ಇವತ್ತು ಹುಲ್ಲು ಕತ್ತರಿಸುವುದಿದೆ.

ಜೂನ್ 5, ಗುರುವಾರ

ಫೋನ್ ಮಾಡಲಿಲ್ಲ. ಹುಲ್ಲು.

ಜೂನ್ 10, ಮಂಗಳವಾರ

ಹೊರಟೆವು. ತಲೆ ಎಣಿಸಿದೆ, ಇಬ್ಬರು. ಆರ್ಟ್ವಿನ್ ಬಂಕಿನ ಎದುರು ನಿಂತು, ಸೊಸೆಯ ಮನೆ ಧಾನ್ಯದ ಗೋದಾಮು ಇದ್ದ ಜಾಗದಿಂದ ಮೂರನೆಯದು ಅಂತ ಕೂಗಿ ಹೇಳಿದ. ಗೋದಾಮು ಈಗ ಇದೆಯೇ ಎಂದು ನಾನು ಕೇಳಲಿಲ್ಲ.

ಜೂನ್ 12, ಗುರುವಾರ

ನಾದಿನಿ, ಬಾಡಿಗೆದಾರ ಇಬ್ಬರನ್ನೂ ನೋಡಿಯಾಯಿತು. ಇಬ್ಬರಿಗೂ ನಾವು ಯಾರೆಂದು ತಿಳಿಯಲಿಲ್ಲ, ಆದರೂ ಊಟ ಹಾಕಿದರು. ಮೊಂಟಾನದಲ್ಲಿ ಆರ್ಟ್ವಿನ್‌ನ ಸೊಸೆಯ ಮನೆಯೂ ಸಿಕ್ಕಿತು, ಆದರೆ ಅವಳು ಆರು ವರ್ಷದ ಹಿಂದೆಯೇ ಅದನ್ನು ಮಾರಿಕೊಂಡು ಹೋಗಿದ್ದಾಳೆ. ಈಗ ಇರುವವರಿಗೆ ಹೆರಿಂಗ್ ಕೊಟ್ಟೆ. ಬೇಡ ಅಂದರು. ಮತ್ತೆ ಕೊಟ್ಟೆ, ಬೇಡ ಅಂದರು. ಮೂರನೇ ಸಲ ಕೊಟ್ಟಾಗ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಅವರ ಊರಲ್ಲೂ ಮೂರನೇ ಸಲದ ಪದ್ಧತಿ ಇದೆ ಎಂದು ಸಮಾಧಾನವಾಯಿತು. ನಾಲ್ಕನೇ ಸಲ ಕೊಟ್ಟಿದ್ದರೆ ಪೊಲೀಸರನ್ನು ಕರೆಯುತ್ತಿದ್ದರು ಅನ್ನುತ್ತಾಳೆ ಅರ್ಲಿಸ್.

ದಾರಿಯಲ್ಲಿ ಒಂದು ಕರಡಿ ಕಂಡಿತು. ಕಂದೋ ಕಪ್ಪೋ ತಿಳಿಯಲಿಲ್ಲ. ಅದು ನಮ್ಮ ಕಡೆ ನೋಡಲೂ ಇಲ್ಲ.

ಇವತ್ತು ಫೈಲುಗಳನ್ನು ತೆರೆಯಲಿಲ್ಲ. ಮರೆತೆ. ಶೌಚಾಲಯಗಳು ತಾವಾಗಿಯೇ ಸಿಗುತ್ತಿವೆ.

ಜೂನ್ 15, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಈಗ ಲೋವೆಲ್‌ನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಶುಕ್ರವಾರ ಐಡಹೋದಲ್ಲಿ ಬಾಣಲೆ ಕೊಟ್ಟು ಮುಂದೆ ಬಂದು, ನಿನ್ನೆ ಬೆಳಿಗ್ಗೆ ಎಂಟಕ್ಕೇ ಹೊರಟಿದ್ದೆವು. ದೊಡ್ಡ ರಸ್ತೆಯಲ್ಲಿ ಬಂದಿದ್ದರೆ ಹನ್ನೆರಡೂವರೆಗೆ ಇಲ್ಲಿರಬಹುದಿತ್ತು. ದಾರಿ ಎರಡಾಗುವ ಜಾಗ ಬಂತು. ಬಲಗಡೆ ಹಳದಿ ಬೋರ್ಡು, ಹಸುವಿನಷ್ಟು ದೊಡ್ಡದು: ಸ್ಕಿನ್ನರ್ ಘಾಟಿ ಮುಂದೆ ಇಪ್ಪತ್ತೆರಡು ಮೈಲಿಯಲ್ಲಿ ಮುಚ್ಚಿದೆ.

"ಬೋರ್ಡು ನೋಡ್ದ್ಯಾ?" ಅಂದಳು ಅರ್ಲಿಸ್.

"ನೋಡ್ದೆ."

"ಎಡಕ್ಕೆ ಹೋಗ್ಬೇಕು."

"ಲೋವೆಲ್ ಬಲಕ್ಕೆ ಅಂದಿದ್ದಾನೆ."

ಅವಳು ಚೀಲದಿಂದ ಹೆಣಿಗೆ ತೆಗೆದು ಶುರುಮಾಡಿದಳು. ನಾನು ಬಲಕ್ಕೆ ತಿರುಗಿಸಿದೆ.

ಇಪ್ಪತ್ತೆರಡು ಮೈಲಿ ಹತ್ತಿದೆವು. ಒಳ್ಳೆಯ ರಸ್ತೆ, ಎದುರಿಗೆ ಒಂದು ಗಾಡಿಯೂ ಬರಲಿಲ್ಲ, ಯಾಕೆಂದು ಗೊತ್ತಿತ್ತು. ಕೊನೆಯಲ್ಲಿ ಕಬ್ಬಿಣದ ಗೇಟು, ಅದರಾಚೆ ಆಳೆತ್ತರದ ಹಿಮ. ಇಳಿದು ಹೋಗಿ ಗೇಟನ್ನು ಒಮ್ಮೆ ಅಲ್ಲಾಡಿಸಿ ನೋಡಿದೆ. ಅರಣ್ಯ ಕಚೇರಿಯ ಹೆಂಗಸು ಹೇಳಿದ್ದು ಅಕ್ಷರಶಃ ನಿಜ. ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಅರ್ಲಿಸ್ ಕರೆಯಲಿಲ್ಲ. ಇಳಿಯುವಾಗ ಹಿಮ ಕರಗಿದ ನೀರು ರಸ್ತೆಗೆ ಮಣ್ಣು ತಂದು ಹಾಕಿತ್ತು. ಅದನ್ನು ಬಳಿದು ತೆಗೆಯುವ ಯಂತ್ರ ಬಂದು ಹೋಗುವವರೆಗೆ ಎರಡು ಗಂಟೆ ಕಾಯಬೇಕಾಯಿತು. ಈ ಮಾಹಿತಿ ಯಾವ ಫೈಲಿನಲ್ಲೂ ಇರಲಿಲ್ಲ.

ಪೆಲ್ಟನ್ ಬೇ ಮುಟ್ಟುವಾಗ ಸಂಜೆ ಐದು ಕಾಲು. ಅಂಗಳದಲ್ಲಿ ಖಾಲಿ ಕುರ್ಚಿಗಳು. ಲೋವೆಲ್ ರಸ್ತೆ ಅಂಚಿಗೆ ಬಂದು ನಿಂತಿದ್ದ, ಕೋಟು ಹಾಕಿಕೊಂಡು. ಮೊದಲಿಗಿಂತ ಕುಳ್ಳಗಾಗಿದ್ದಾನೆ.

"ಯಾವ ದಾರೀಲಿ ಬಂದೆ?" ಅಂದ.

"ಸ್ಕಿನ್ನರ್ ಘಾಟಿ."

"ಅದು ಮುಚ್ಚಿದೆ."

"ಹೌದು."

ಅವನ ಹಿಂದಿನಿಂದ ಫರ್ನ್ ಬಂದಳು. "ಹೇಳು, ಲೋವೆಲ್. ಈಗ್ಲೇ ಹೇಳ್ಬಿಡು."

ಅವನು ತನ್ನ ಬೂಟು ನೋಡಿಕೊಂಡ. "ನಂಗೆ ಗೊತ್ತಿತ್ತು. ಫೋನಲ್ಲಿ ಹೇಳೋವಾಗ್ಲೇ ಗೊತ್ತಿತ್ತು ಮುಚ್ಚಿದೆ ಅಂತ. ಒಂಬತ್ತು ವರ್ಷದಿಂದ ಕಾಯ್ತಿದ್ದೆ ಕಣೋ, ನೀನು ಒಂದ್ಸಲ ನನ್ನನ್ನ ದಾರಿ ಕೇಳ್ಬೇಕು ಅಂತ."

"ಎರಡು ದಿನ ಖುಷಿಯಾಗಿದ್ದ" ಅಂದಳು ಫರ್ನ್. "ಮೂರನೇ ದಿನದಿಂದ ಊಟ ಸೇರಲಿಲ್ಲ. ಮಂಗಳವಾರ ಮಧ್ಯಾಹ್ನದಿಂದ ನಿಮ್ಮನೆಗೆ ಫೋನ್ ಮಾಡ್ತಾನೇ ಇದ್ದಾನೆ. ಯಾರೂ ಎತ್ತಲಿಲ್ಲ."

ಹೇಗೆ ಎತ್ತುತ್ತೇವೆ, ನಮ್ಮಲ್ಲಿ ಮೊಬೈಲಿಲ್ಲ, ಮಂಗಳವಾರ ಬೆಳಿಗ್ಗೆಯೇ ಮನೆ ಬಿಟ್ಟಿದ್ದೆವು.

ಅರ್ಲಿಸ್ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದಳು. "ಇವನಿಗೂ ಗೊತ್ತಿತ್ತು" ಅಂದಳು. "ಮೂರನೇ ಫೈಲು, ಹನ್ನೆರಡನೇ ಪುಟ. ಕೆಂಪು ಶಾಯಿ."

ಲೋವೆಲ್ ತಲೆ ಎತ್ತಿದ. "ಗೊತ್ತಿತ್ತಾ? ಮತ್ತೆ ಯಾಕೋ ಆ ದಾರಿ ಹಿಡಿದೆ?"

"ನೀನು ಹೇಳಿದ್ಯಲ್ಲ" ಅಂದೆ.

ಅವನು ಮತ್ತೆ ಬೂಟು ನೋಡಿಕೊಂಡ. ಆಗ ನಾನೇ ಹೇಳಿದೆ, ಅಮ್ಮನ ದಿನ ಆ ಸೇತುವೆ ವಿಷಯ ತಿಳ್ಕೊಂಡಿರಬೇಕಾದವನು ನಾನು, ತಪ್ಪು ನಂದು, ಕ್ಷಮಿಸು ಲೋವೆಲ್ ಅಂತ. ದಾರಿಯುದ್ದಕ್ಕೂ ಇದನ್ನು ಹೇಗೆ ಹೇಳುವುದೆಂದು ಯೋಚಿಸಿರಲಿಲ್ಲ. ಯೋಚಿಸಿದ್ದರೆ ಬಾಯಿಗೆ ಬರುತ್ತಿರಲಿಲ್ಲ. ಅವನು ಮೂಗು ಒರೆಸಿಕೊಂಡ, ಕಡಲ ಗಾಳಿ ಜಾಸ್ತಿ ಇವತ್ತು ಅಂದ. ಹೌದು ಜಾಸ್ತಿ ಅಂದೆ. ಆಮೇಲೆ ಅವನು ನಮ್ಮ ಪೆಟ್ಟಿಗೆಗಳಲ್ಲಿ ಭಾರದ್ದನ್ನೇ ಎತ್ತಿಕೊಂಡು ಒಳಗೆ ನಡೆದ. ಅದರ ತುಂಬ ಫೈಲುಗಳಿದ್ದವು.

ನೆಂಟರು ಉಂಡು ಹೋಗಿದ್ದರು. ಅವನು ಉಂಡಿರಲಿಲ್ಲ. ಹುಟ್ಟುಹಬ್ಬ ತನ್ನದೇ ಆದರೂ ಎರಡು ಗಂಟೆಯಿಂದ ಆ ರಸ್ತೆ ಅಂಚಿನಲ್ಲೇ ನಿಂತಿದ್ದನಂತೆ. ನಾಲ್ವರೂ ಒಟ್ಟಿಗೆ ಕೂತೆವು.

ಇವತ್ತು ಬೆಳಿಗ್ಗೆ ಫೈಲು ತೋರಿಸು ಅಂದ. ಕನ್ನಡಕ ಹಾಕಿಕೊಂಡು ಮೂರನ್ನೂ ಓದಿದ. ಇಪ್ಪತ್ತಾರು ತಪ್ಪು ಹಿಡಿದ, ನಾನು ನಾಲ್ಕು ಒಪ್ಪಿಕೊಂಡೆ. ಮಿಕ್ಕದ್ದಕ್ಕೆ ಎರಡು ಗಂಟೆ ಜಗಳವಾಡಿದೆವು. ಬೇಸತ್ತು ಅರ್ಲಿಸ್, ಫರ್ನ್ ಇಬ್ಬರೂ ಕಡಲು ನೋಡಲು ಹೋದರು.

ಕೊನೆಗೆ ಅವನು ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನೋಡಿ, "ವಾಪಸು ಹೋಗೋ ದಾರಿ ಎಲ್ಲಿದೆ?" ಅಂದ.

ನಾನೂ ಹುಡುಕಿದೆ. ಮೂರು ಫೈಲು, ನಾನೂರು ಪುಟ, ಮೂವತ್ತೇಳು ಶೌಚಾಲಯ. ವಾಪಸಿನ ಬಗ್ಗೆ ಒಂದು ಸಾಲೂ ಇಲ್ಲ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ನೀನೇ ಹೇಳು" ಅಂದೆ.

ದಾರಿ ಬರೆಯಲು ಲೋವೆಲ್ ಪೆನ್ನು ಕೇಳುತ್ತಿದ್ದಾನೆ, ನಾನು ಬರೆಯುತ್ತಿರುವ ಈ ಪೆನ್ನೇ ಕೊಡಬೇಕು.